ಡೇರಿಗೆ ಹೋದ ನೈಟಿ

ನೈಟಿಗೂ ಒಂದು ಇತಿಹಾಸ ಇದೆ ಎಂದು ನಾನು ಹೇಳಿದಾಗ ನಮ್ಮ ಮೇಷ್ಟ್ರು ಮೊದಲು ಕನ್ನಡಕ ತೆಗೆದರು, ಆಮೇಲೆ ಬಾಗಿಲ ಕಡೆ ನೋಡಿದರು. ಹೊರಗೆ ಯಾರಾದರೂ ಕೇಳಿಸಿಕೊಂಡುಬಿಟ್ಟರೆ ಎಂಬ ಭಯ ಅವರಿಗೆ. ನಾನಾಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆದು ಒಪ್ಪಿಸಬೇಕು, ಅದಕ್ಕೆ ಮಾರ್ಗದರ್ಶಕರ ಸಹಿ ಬೀಳಬೇಕು. ಸಹಿ ಇಲ್ಲದ ಪ್ರಬಂಧವನ್ನು ಆಫೀಸಿನಲ್ಲಿ ಮುಟ್ಟುವುದೂ ಇಲ್ಲ. ನನ್ನ ಪಾಲಿಗೆ ಬಂದ ಮಾರ್ಗದರ್ಶಕರು ಇವರೇ.

“ಕೊಳ್ಳೇಗಾಲದ ಹುಡುಗಿ ನೀನು. ಚಿನ್ನದಂಥ ವಿಷಯ ಮನೆ ಬಾಗಿಲಲ್ಲೇ ಇದೆ. ರೇಷ್ಮೆ ಸೀರೆ ಬಗ್ಗೆ ಬರಿಯಮ್ಮ, ಜರಿ ಪಂಚೆ ಬಗ್ಗೆ ಬರಿ,” ಎಂದರು.

“ಸರ್, ನಾನು ಹುಟ್ಟಿ ಬೆಳೆದಿದ್ದೇ ಮಗ್ಗದ ಬೀದಿಯಲ್ಲಿ. ಅಲ್ಲಿ ಆ ಸೀರೆಯನ್ನ ಮದುವೆ ಗಿದುವೆಗೆ ಉಡ್ತಾರೆ. ಮಿಕ್ಕ ದಿನವೆಲ್ಲ ಹಾಕೋದು ನೈಟಿ.”

“ಅದು ಬರೀ ಬಟ್ಟೆ. ಇತಿಹಾಸ ಅಲ್ಲ.”

ಆ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಇದೇ ಮೇಷ್ಟ್ರು ಹಿಂದಿನ ವರ್ಷ ನಮಗೆ ಆಧುನಿಕ ಉಡುಪಿನ ಚರಿತ್ರೆಯನ್ನು ಪಾಠ ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು. ಯುರೋಪಿನ ಹೆಂಗಸರು ಸೊಂಟ ಬಿಗಿಯುವ ಒಳಉಡುಪನ್ನು ಬಿಚ್ಚಿ ಎಸೆದದ್ದು, ಯುದ್ಧದ ಕಾಲದಲ್ಲಿ ಕಾರ್ಖಾನೆಗೆ ಹೋಗಲು ಪ್ಯಾಂಟು ತೊಟ್ಟದ್ದು, ಪಾದದ ತನಕ ಇದ್ದ ಲಂಗ ಮೊಣಕಾಲಿಗೆ ಏರಿದ್ದು, ಎಲ್ಲವನ್ನೂ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದರು. ಉಡುಪು ಸಮಾಜದ ಕನ್ನಡಿ ಎಂದು ನೋಟ್ಸು ಬರೆಸಿದ್ದೂ ಅವರೇ. ಪರದೇಶದ ಹೆಂಗಸು ಲಂಗ ಗಿಡ್ಡ ಮಾಡಿಕೊಂಡರೆ ಅದು ಸಾಮಾಜಿಕ ಪರಿವರ್ತನೆಯಂತೆ. ಹನೂರು ಕಡೆಯ ಹೆಂಗಸು ಸೀರೆ ಬಿಟ್ಟು ನೈಟಿಗೆ ಬಂದರೆ ಬರೀ ಬಟ್ಟೆಯಂತೆ. ಇದು ಯಾವ ಸೀಮೆಯ ನ್ಯಾಯ ಎಂದು ಕೇಳಿಯೂಬಿಟ್ಟೆ.

ಅವರು ಸ್ವಲ್ಪ ಇಳಿದುಬಂದು, “ಉಡುಪೇ ಬೇಕು ಅಂದ್ರೆ ಒಡೆಯರಪಾಳ್ಯದ ಟಿಬೆಟಿಯನ್ನರ ಬಗ್ಗೆ ಬರಿ. ಅದು ಸಂಸ್ಕೃತಿ,” ಎಂದರು. ಒಡೆಯರಪಾಳ್ಯದ ಬಸ್ಸಿನಲ್ಲಿ ಆ ಟಿಬೆಟಿಯನ್ನರ ಪಕ್ಕ ಕೂತು ನಾನು ಎಷ್ಟೋ ಸಲ ಹೋಗಿದ್ದೇನೆ. ಸೊಂಟಕ್ಕೆ ಪಟ್ಟೆಪಟ್ಟೆ ಬಟ್ಟೆ ಕಟ್ಟಿಕೊಂಡ ಅಜ್ಜಿಯರು ಜಪಮಾಲೆ ತಿರುಗಿಸುತ್ತಾ ಕೂತಿರುತ್ತಾರೆ, ಸೀಟು ಸರಿದು ಜಾಗ ಕೊಡುತ್ತಾರೆ. ಅವರ ಉಡುಪಿನ ಮೇಲೆ ನನಗೆ ಗೌರವವೇ ಇದೆ. ಆದರೆ ಬೇರೆಯವರು ಉಟ್ಟದ್ದು ಸಂಸ್ಕೃತಿ, ನಮ್ಮ ಅವ್ವಂದಿರು ತೊಟ್ಟದ್ದು ನಾಚಿಕೆ ಎನ್ನುವ ಲೆಕ್ಕಾಚಾರ ನನಗೆ ಇವತ್ತಿಗೂ ಒಗ್ಗುವುದಿಲ್ಲ. “ಬರೆದು ತರ್ತೀನಿ ಸರ್. ಓದಿ, ಆಮೇಲೆ ಬೈರಿ,” ಎಂದು ಎದ್ದು ಬಂದೆ.

ಮನೆಯಲ್ಲಿ ಇನ್ನೊಂದು ವಿಚಾರಣೆ ಕಾದಿತ್ತು. ನಮ್ಮವ್ವ ಅಂಗಡಿಯವರು ಕೊಡುವ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಸೀರೆಯ ತುದಿಯನ್ನು ಮಂಡಿಯ ಮೇಲೆ ಹರಡಿಕೊಂಡು, ಕಣ್ಣು ಎತ್ತದೆಯೇ ಬೈದಳು.

“ಓದು ಅಂತ ಕಳ್ಸುದ್ರೆ ನೈಟಿ ಗಿಟಿ ಅಂತಿದ್ದೀಯಲ್ಲ. ನೆಂಟ್ರು ಮಗ್ಳು ಏನ್ ಓದ್ತಾವ್ಳೆ ಅಂತ ಕೇಳುದ್ರೆ ಏನಂತ ಯೋಳ್ಲಿ?”

“ನೈಟಿ ಅಂತ್ಲೇ ಯೋಳು.”

“ಥೂ, ಬಾಯ್ಮುಚ್ಚು.”

ನಾನು ಬಾಯಿ ಮುಚ್ಚಿಕೊಂಡೇ ಊರೂರು ಸುತ್ತತೊಡಗಿದೆ. ಮನೆಮನೆಗೆ ಹೋಗಿ ಹಳೆಯ ಫೋಟೋ ನೋಡುವುದು, ಮೊದಲ ನೈಟಿ ಯಾವಾಗ ಬಂತು, ಯಾರು ತಂದರು ಎಂದು ಕೇಳುವುದು, ಇದೇ ಕೆಲಸ. ಮದುವೆಯ ಫೋಟೋ ಕೇಳಿದರೆ ಆಲ್ಬಮ್ಮೇ ತಂದು ಕೊಡುತ್ತಿದ್ದರು. ನೈಟಿಯಲ್ಲಿ ತೆಗೆಸಿಕೊಂಡ ಫೋಟೋ ಮಾತ್ರ ಒಬ್ಬರ ಮನೆಯಲ್ಲೂ ಇರಲಿಲ್ಲ. ದಿನವಿಡೀ ತೊಡುವ ಬಟ್ಟೆಯಲ್ಲಿ ಒಂದು ಫೋಟೋ ಇಲ್ಲ ಎಂದರೆ ಅದೂ ಒಂದು ಸಂಗತಿ ಎಂದು ಬರೆದುಕೊಂಡೆ.

ಯಳಂದೂರಿನಲ್ಲಿ ರೆಡಿಮೇಡ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ನನ್ನ ಪ್ರಶ್ನೆಗೆ ನಕ್ಕುಬಿಟ್ಟರು. “ಮೊದ್ಲು ನೈಟಿ ತಕಂಡೋದೋರೇ ಗಂಡಸ್ರು ಕಣವ್ವ. ಎಡ್ತಿ ಎರ್ಗೆಗೆ ಸೇರವ್ಳೆ, ಡಾಕ್ಟ್ರಮ್ಮ ತರಾಕ್ ಯೋಳವ್ರೆ, ಮುಂದ್ಗಡೆ ಜಿಪ್ ಇರೋದು ಕೊಡಿ ಅನ್ನೋರು. ಪೇಪರ್ ಸುತ್ತುಬುಟ್ಟು ಕೊಡಿ, ಯಾರೂ ನೋಡ್ಬಾರ್ದು ಅನ್ನೋರು.”

ನಮ್ಮ ಕಡೆ ನೈಟಿ ಕಾಲಿಟ್ಟದ್ದು ಹೆರಿಗೆ ವಾರ್ಡಿನ ದಾರಿಯಲ್ಲಿ. ಮಗುವಿಗೆ ಹಾಲು ಕುಡಿಸಲು ಸಲೀಸಾಗಲಿ ಎಂದು ತಂದದ್ದು ಬಾಣಂತನ ಮುಗಿದರೂ ಮೈಮೇಲಿಂದ ಇಳಿಯಲಿಲ್ಲ. ಅಡಿಗೆಮನೆಗೆ ಬಂತು, ಹಿತ್ತಿಲಿಗೆ ಹೋಯಿತು, ನಲ್ಲಿಗೆ ನೀರು ತರಲು ಹೊರಟಿತು. ಅಷ್ಟರಲ್ಲಿ ಈರೋಡು ಕಡೆಯ ವ್ಯಾಪಾರಿಗಳು ಮೂಟೆ ಕಟ್ಟಿಕೊಂಡು ಪಾಲಾರ್ ಗಡಿ ದಾಟಿ ಬಂದು, ಹನೂರಿನಲ್ಲಿ ಟಾರ್ಪಾಲು ಹಾಸಿ, “ವಾಂಗಮ್ಮಾ, ಬನ್ನಿಯಮ್ಮಾ” ಎಂದು ಎರಡು ಭಾಷೆಯಲ್ಲೂ ಕೂಗಿ ಮಾರತೊಡಗಿದ್ದರು. ಆಮೇಲೆ ಪೇಪರ್ ಸುತ್ತುವವರು ಯಾರೂ ಇರಲಿಲ್ಲ. ಹೆಂಗಸರೇ ಗುಡ್ಡೆಯಲ್ಲಿ ಕೈಯಾಡಿಸಿ, ಎಳೆದು ನೋಡಿ, ಬಣ್ಣ ಹೋಗುತ್ತದಾ ಎಂದು ಜಗಳವಾಡಿ ಕೊಂಡರು. ಹೆಗಲ ಮೇಲೆ ಒಂದು ಟವೆಲ್ಲು ಬಿದ್ದರೆ ನೈಟಿ ಬೀದಿಗೆ ಇಳಿಯಬಹುದು ಎಂಬ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ, ಕೊಳ್ಳೇಗಾಲ, ಯಳಂದೂರು, ಹನೂರು, ನಾನು ಸುತ್ತಿದ ಮೂರು ತಾಲ್ಲೂಕಿನಲ್ಲೂ ಅದೇ ನಡೆಯುತ್ತದೆ.

ಅವ್ವನ ತಂಗಿಯನ್ನು ಲೊಕ್ಕನಹಳ್ಳಿಯಿಂದ ಒಳಕ್ಕೆ, ಕಾಡಂಚಿನ ಒಂದು ಸಣ್ಣ ಊರಿಗೆ ಕೊಟ್ಟಿದ್ದಾರೆ. ಚಿಕ್ಕವ್ವನ ಮನೆಯಲ್ಲಿ ನಾನು ಕೆಲವು ದಿನ ಇದ್ದೆ. ಅವಳು ಹೊಲಕ್ಕೆ ಕಳೆ ಕೀಳಲು ಹೋಗುವಾಗ ಸೀರೆಯ ಮೇಲೆ ಚಿಕ್ಕಪ್ಪನ ತುಂಬುತೋಳಿನ ಹಳೆಯ ಶರ್ಟು ಹಾಕಿಕೊಳ್ಳುತ್ತಾಳೆ. ಆ ಕಡೆಯ ಕೂಲಿ ಹೆಂಗಸರೆಲ್ಲ ಹಾಗೇ. ಬಿಸಿಲು ತಾಗದಿರಲಿ, ಪೈರಿನ ಗರಿ ಕೊಯ್ಯದಿರಲಿ, ಕೈಗೆ ಮುಳ್ಳು ತರಚದಿರಲಿ ಎಂದು. ಹೆಂಗಸು ಗಂಡಸಿನ ಶರ್ಟು ತೊಟ್ಟು ಊರ ನಡುವೆಯೇ ಹೋದರೂ ಯಾರೂ ಒಂದು ಮಾತು ಆಡುವುದಿಲ್ಲ. ದುಡಿಯಲು ಏನು ತೊಟ್ಟರೂ ಕಣ್ಣಿಗೆ ಕುಕ್ಕುವುದಿಲ್ಲ, ಮೈ ಹಾಯಾಗಿರಲಿ ಎಂದು ತೊಟ್ಟರೆ ಮಾತ್ರ ಕುಕ್ಕುತ್ತದೆ. ಇದು ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಬೆಳಿಗ್ಗೆ ಅವಳು ಡೇರಿಗೆ ಹಾಲು ಹಾಕಲು ಹೋಗುವುದು ನೈಟಿಯಲ್ಲಿ. “ಕತ್ಲಲ್ಲೇ ಎದ್ದು ಸಗಣಿ ಬಾಚಿ, ಆಲ್ಕರ್ದು, ವ್ಯಾನ್ ಬರೋದ್ರೊಳಗೆ ಓಡ್ಬೇಕು. ಸೀರೆ ಉಟ್ಕಂಡ್ರೆ ಸೆರಗು ಸಗಣೀಲೇ ಇರ್ತದೆ,” ಎನ್ನುತ್ತಿದ್ದಳು. ನಾನು ಅಲ್ಲಿದ್ದಾಗಲೇ ಊರಿನ ಕೆಲವು ಗಂಡಸರು ಕೂತು ಒಂದು ತೀರ್ಮಾನ ಮಾಡಿದರು. ಹೆಂಗಸರು ನೈಟಿಯಲ್ಲಿ ಡೇರಿಗೆ ಬರುವುದು ಹೆಚ್ಚಾಗಿದೆ, ಊರಿನ ಮಾನ ಹೋಗುತ್ತಿದೆ, ಇನ್ನು ಮೇಲೆ ಅಂಥವರ ಹಾಲು ತೆಗೆದುಕೊಳ್ಳಕೂಡದು. ಮರುದಿನ ಬೆಳಿಗ್ಗೆ ಡೇರಿಯ ಕಪ್ಪು ಹಲಗೆಯ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆದೂ ಆಗಿತ್ತು. ನಾನು ಚಿಕ್ಕವ್ವನ ಜೊತೆಗೇ ಹೋಗಿದ್ದೆ.

ಆ ಡೇರಿಯಲ್ಲಿ ಒಂದು ಪದ್ಧತಿ ಇದೆ. ಅಲ್ಲಿ ಸಾಲು ನಿಲ್ಲುವುದು ಜನ ಅಲ್ಲ, ಕ್ಯಾನುಗಳು. ಬಂದವರು ತಮ್ಮ ಕ್ಯಾನನ್ನು ಸಾಲಿನ ಕೊನೆಯಲ್ಲಿ ಇಟ್ಟು ಜಗಲಿಯ ಮೇಲೆ ಹರಟೆಗೆ ಕೂರುತ್ತಾರೆ. ಮುಂದಿನ ಕ್ಯಾನಿನ ಹಾಲಿನ ಡಿಗ್ರಿ, ಅಂದರೆ ಗಟ್ಟಿತನ, ನೋಡಿ ಅಳೆಯದೆ ಅದರ ಹಿಂದಿನದನ್ನು ಮುಟ್ಟುವುದಿಲ್ಲ. ಇನ್ನೊಬ್ಬರ ಕ್ಯಾನನ್ನು ಸರಿಸಿದರೆ ತಲೆತಲೆ ಒಡೆದುಕೊಳ್ಳುವಷ್ಟು ಜಗಳ ಆಗುತ್ತದೆ, ಆದ್ದರಿಂದ ಯಾರೂ ಸರಿಸುವುದಿಲ್ಲ. ಅವತ್ತು ಚಿಕ್ಕವ್ವನ ಕ್ಯಾನೇ ಎಲ್ಲಕ್ಕಿಂತ ಮುಂದಿತ್ತು.

ಡೇರಿಯ ಸೆಕ್ರೆಟರಿ ಅವಳನ್ನು ನೋಡಿ ಅಳತೆಯ ಪಾತ್ರೆ ಕೆಳಗಿಟ್ಟ. “ಸೀರೆ ಉಟ್ಕಂಡ್ ಬಾ ಓಗಕ್ಕ. ನೈಟೀಲಿ ಬಂದೋರ್ ಆಲು ತಕಳಂಗಿಲ್ಲ. ಊರೋರ್ ತೀರ್ಮಾನ.”

“ಯಾವ ಊರೋರ್ಲಾ? ನಾನೂ ಊರೋಳೇಯ. ನನ್ನ ಯಾರೂ ಕೇಳ್ನಿಲ್ವಲ್ಲ.”

“ಮಾನ ಮರ್ವಾದೆ ಅನ್ನೋದು ಬ್ಯಾಡ್ವಾ?”

ಅವನು ಬನಿಯನ್ನು ಚಡ್ಡಿಯಲ್ಲಿ ಕೂತಿದ್ದ. ಚಿಕ್ಕವ್ವ ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. “ನಿನ್ನ ತೊಡೆ ಕಾಣ್ತಾ ಅದೆ ಕಣ್ಲಾ. ನನ್ನ ನೈಟಿ ಪಾದಗಂಟ ಅದೆ. ಇಬ್ರಲ್ಲಿ ಯಾರ್ ಮಾನ ಓಗ್ತಾ ಅದೆ ಅಂತ ನೀನೇ ನೋಡ್ಕ. ಆಲಿಗೆ ಡಿಗ್ರಿ ನೋಡೋದು ನಿನ್ ಕೆಲ್ಸ, ನನ್ ಬಟ್ಟೆಗಲ್ಲ.”

ಜಗಲಿಯ ಮೇಲಿದ್ದ ಗಂಡಸರಿಗೇ ನಗು ತಡೆಯಲಾಗಲಿಲ್ಲ. ಸೆಕ್ರೆಟರಿ ಕೆಂಪಾಗಿ, ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದ. ಚಿಕ್ಕವ್ವ ಜಗಳ ಮುಂದುವರಿಸಲಿಲ್ಲ. ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದಳು, ಡೇರಿಯ ಮೆಟ್ಟಿಲ ಮೇಲೆ ಹಾಸಿದಳು, ಅದರ ಮೇಲೆ ಕೂತಳು. ಕ್ಯಾನು ಇದ್ದಲ್ಲೇ ಇತ್ತು. ಹಿಂದೆ ಇನ್ನೂ ಕ್ಯಾನುಗಳು ಬಂದು ಸೇರಿದವು. ನೈಟಿಯಲ್ಲಿ ಬಂದ ಹೆಂಗಸರು, ಸೀರೆಯಲ್ಲಿ ಬಂದವರು, ಪಂಚೆಯವರು, ಎಲ್ಲರೂ ಇಟ್ಟು ಸುಮ್ಮನೆ ನಿಂತರು. ಯಾರೂ ಅವಳ ಕ್ಯಾನು ಮುಟ್ಟಲಿಲ್ಲ. ದೂರದಲ್ಲಿ ಹಾಲಿನ ವ್ಯಾನಿನ ಹಾರ್ನು ಕೇಳಿಸಿತು. ಆಗ ಅವಳ ಹಿಂದಿನ ಕ್ಯಾನಿನ ಮುದುಕಪ್ಪನಿಗೆ ತಡೆಯಲಾಗಲಿಲ್ಲ. ತೀರ್ಮಾನಕ್ಕೆ ಕೂತವರಲ್ಲಿ ಅವನೂ ಒಬ್ಬ.

“ಊಯ್ಸ್ಕಳ್ಲಾ, ಆಲು ಒಡ್ದೋಯ್ತದೆ,” ಎಂದು ಸೆಕ್ರೆಟರಿಯ ಮೇಲೆ ರೇಗಿದ.

ಹಾಲು ಅಳೆದಾಯಿತು. ಚಿಕ್ಕವ್ವ ಎದ್ದು ಟವೆಲ್ಲು ಕೊಡವಿ ಕ್ಯಾನಿನ ಮೇಲೆ ಹಾಕಿಕೊಂಡು ಮನೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಯಾವುದೇ ದೇಶದ ಹೆಂಗಸರು ಯಾವುದೇ ಕಾಲದಲ್ಲಿ ಬಟ್ಟೆಗಾಗಿ ಮಾಡಿದ ಹೋರಾಟಕ್ಕೆ ಇದು ಏನೇನೂ ಕಡಿಮೆ ಅಲ್ಲ ಎಂದು ಅವತ್ತೇ ಕೂತು ಬರೆದೆ. ಹಲಗೆಯ ಮೇಲಿನ ಬರಹ ಆಮೇಲೂ ಸ್ವಲ್ಪ ದಿನ ಇತ್ತು, ಅದನ್ನು ಯಾರೂ ಓದುತ್ತಿರಲಿಲ್ಲ.

ಮೇಷ್ಟ್ರು ಪೂರ್ತಿ ಓದಿದರು. ಅಷ್ಟು ಮರ್ಯಾದೆಯನ್ನು ಅವರು ಕೊಟ್ಟರು, ಇಲ್ಲ ಎನ್ನಲಾರೆ. ಓದಿ, “ಶ್ರಮ ಪಟ್ಟಿದ್ದೀಯ. ಡೇರಿಯ ಅಧ್ಯಾಯ ಕೈಬಿಡು. ನೈಟಿ ಅನ್ನೋ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ‘ಗೃಹವಸ್ತ್ರ’ ಅಂತ ಹಾಕು. ನಾನು ಸಹಿ ಹಾಕ್ತೀನಿ,” ಎಂದರು.

“ಅದು ಮನೆಯೊಳಗೇ ಇದ್ದಿದ್ರೆ ಜಗಳವೇ ಇರ್ಲಿಲ್ಲ ಸರ್. ಅದು ಹೊಸ್ತಿಲು ದಾಟಿ ಬೀದಿಗೆ ಬಂತು. ನನ್ನ ಪ್ರಬಂಧವೇ ಅದು.”

“ಹಾಗಾದ್ರೆ ಸಹಿ ಇಲ್ಲ.”

ಸಹಿ ಕೊನೆಗೂ ಬಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಸಹಿ ಇಲ್ಲದೆಯೇ ಆಫೀಸಿನ ಕಿಟಕಿಯಲ್ಲಿ ಇಡುತ್ತೇನೆ, ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳುತ್ತೇನೆ ಎಂದಾಗ, ಪೆನ್ನು ಒತ್ತಿ ಸಹಿ ಹಾಕಿದರು. ಅಂಕವನ್ನು ಪಾಸಿನ ಅಂಚಿಗೆ ತಂದು ನಿಲ್ಲಿಸಿದರು. ಒಂದು ಪದವೂ ಬದಲಾಗಲಿಲ್ಲ. ಒಂದು ಅಧ್ಯಾಯ ಹೋಗುವ ಬದಲು ಇನ್ನೊಂದು ಸೇರಿತ್ತು. ಆದರೆ ಸಹಿ ಇಲ್ಲ ಎಂದು ಅವರು ಹೇಳಿದ ದಿನ ಸಂಜೆ ಮನೆಗೆ ಬಂದಾಗ ನಾನು ಸೋಲೊಪ್ಪಲು ತಯಾರಾಗಿಯೇ ಬಂದಿದ್ದೆ.

ಬ್ಯಾಗು ಎಸೆದು, “ಗೃಹವಸ್ತ್ರ ಅಂತ್ಲೇ ಹಾಕಿ ಕೊಟ್ಟುಬಿಡ್ತೀನಿ, ಹಾಳಾಗೋಗ್ಲಿ,” ಎಂದೆ.

ಅವ್ವ ಕುಚ್ಚು ಕಟ್ಟುತ್ತಾ, “ಅಂಗಂದ್ರೇನು?” ಎಂದಳು.

“ಮನೇಲಿ ಹಾಕ್ಕೊಳ್ಳೋ ಬಟ್ಟೆ ಅಂತ.”

ಅವಳ ಕೈ ನಿಂತಿತು. ಸೆರಗಿನ ಎಳೆಗಳನ್ನು ಬೆರಳಲ್ಲಿ ಹಿಡಿದುಕೊಂಡೇ ಹೇಳತೊಡಗಿದಳು. “ಒಟ್ಟೆ ಕುಯ್ದು ನಿನ್ನ ತೆಗುದ್ರಲ್ಲ, ಆವಾಗ ಆಸ್ಪತ್ರೇಲಿ ಆಕ್ಸಿದ್ರು ನಂಗೂ. ನೀಲಿದು. ಅಷ್ಟು ನೋವಿದ್ರೂ ಮೈಗೆ ಎಷ್ಟು ಆಯಾಗಿತ್ತು ಅಂತೀಯ. ಮನೇಗ್ ಕಳ್ಸೋ ದಿನ ನಿಮ್ಮಜ್ಜಿ ಸೀರೆ ತಕಂಡ್ ಬಂದ್ಲು. ನಮ್ಮನೇಗೆ ಇದ್ರಲ್ಲಿ ಕಾಲಿಡ್ಬ್ಯಾಡ ಅಂದ್ಲು. ಒಟ್ಟೆ ಮ್ಯಾಲಿನ ಒಲಿಗೆ ಮ್ಯಾಲೇ ಲಂಗದ ಲಾಡಿ ಬಿಗ್ದು ಕಟ್ಟುದ್ರು. ಬಸ್ಸಲ್ಲಿ ಸೀಟಿನ ಕಂಬಿ ಇಡ್ಕಂಡು ಅಲ್ಲು ಕಚ್ಕಂಡು ಬಂದೆ. ಆ ನೈಟೀನ ಅರ್ದು ನಿನ್ನ ಕೆಳಿಕೆ ಆಸೋ ಬಟ್ಟೆ ಮಾಡುದ್ರು.”

ನಾನು ಹುಟ್ಟಿದಾಗಿನಿಂದ ಅವ್ವನನ್ನು ಸೀರೆಯಲ್ಲೇ ನೋಡಿದ್ದೇನೆ. ಅಡಿಗೆಗೆ, ಮಲಗಲು, ಜ್ವರ ಬಂದಾಗ. ಅದು ಅವಳ ಇಷ್ಟ ಎಂದೇ ಅಂದುಕೊಂಡಿದ್ದೆ. ಮೂರು ತಾಲ್ಲೂಕು ಸುತ್ತಿ ಕೇಳಿದ ಪ್ರಶ್ನೆಯನ್ನು ನನ್ನ ಮನೆಯಲ್ಲಿ ಕೇಳಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಇದ್ನೂ ಬರೀಲಾ ಅವ್ವ?”

ಅವಳು ದಾರವನ್ನು ಹಲ್ಲಿನಿಂದ ಕಡಿದಳು. “ಬರಿ. ಮನೇಲಿ ಆಕತಿದ್ರು ಅಂತ ಮಾತ್ರ ಬರೀಬ್ಯಾಡ. ಮನೇಲೂ ಬುಡ್ನಿಲ್ಲ ಅಂತ ಬರಿ.”