ಮಾತಾಡುವ ಗೋಡೆಯ ಮೊದಲ ಹಾಳೆ

ನಮ್ಮ ಶಾಲೆಯ ಕನ್ನಡದ ಮೇಡಂಗೆ ಮಕ್ಕಳು ಇಟ್ಟ ಹೆಸರು ತಂತಿ ಮೇಡಂ. ಮೂವತ್ತು ವರ್ಷ ವ್ಯಾಕರಣ ಅರೆದು ಕುಡಿಸಿದವರು, ನಿವೃತ್ತಿ ಹತ್ತಿರ ಬಂದಾಗ ತಂತಿ, ಬ್ಯಾಟರಿ ಹಿಡಿದು ಕೂತರು. ವಿಜ್ಞಾನದ ಮೇಷ್ಟ್ರಾದ ನನಗೆ ಮೈಯೆಲ್ಲ ಉರಿಯಿತು.

"ಇದೆಲ್ಲ ನಿಮಗ್ಯಾಕೆ ಬೇಕಿತ್ತು ಮೇಡಂ?"

"ಕವಿತೆ ಅಂದ್ರೆ ಆಕಳಿಸ್ತಾರೆ ಮೇಷ್ಟ್ರೇ. ಮುಟ್ಟಿದ್ರೆ ಮಾತಾಡೋ ಕವಿತೆ ಅಂದ್ರೆ ಊಟ ಬಿಟ್ಟು ಓಡಿ ಬರ್ತಾರೆ."

ಹಾಗೇ ಆಯಿತು ನೋಡಿ! ಏಳನೇ ತರಗತಿಯ ಇಪ್ಪತ್ತೆರಡು ಮಕ್ಕಳು ತಂತಮ್ಮ ಮನೆಯ ಬಗ್ಗೆ ಕವಿತೆ ಬರೆದು, ಚಿತ್ರ ಬಿಡಿಸಿ, ಹಾಳೆಗೆ ತಾಮ್ರದ ಪಟ್ಟಿ ಅಂಟಿಸಿ, ಹಿಂದೆ ಪುಟ್ಟ ಸ್ಪೀಕರ್ ಕೂರಿಸಿ, ಗೋಡೆಗೆ ಸಾಲಾಗಿ ಅಂಟಿಸಿದರು. ಚಿತ್ರದ ಮೇಲೆ ಬೆರಳಿಟ್ಟರೆ ಬರೆದವರದೇ ದನಿ. ಆದರೆ ಮೇಡಂ ಒಂದು ಎಡವಟ್ಟು ಮಾಡಿದ್ದರು. ಪ್ರತಿ ಹಾಳೆಗೂ ಬೇರೆ ತಂತಿ ಎಳೆಯದೆ, ಒಂದರಿಂದ ಇನ್ನೊಂದಕ್ಕೆ ಕರೆಂಟು ದಾಟಿಸಿದ್ದರು; ಮೊದಲನೆಯದು ಕಿತ್ತರೆ ಎಲ್ಲವೂ ಬಂದ್. ಬ್ಯಾಟರಿ ಪಕ್ಕದ ಮೊದಲ ಹಾಳೆ ಮಾತು ತೊದಲುವ ಹುಡುಗಿಯೊಬ್ಬಳದು.

ಪ್ರದರ್ಶನದ ಬೆಳಿಗ್ಗೆ ಮುಖ್ಯೋಪಾಧ್ಯಾಯರು ಅದನ್ನು ಮುಟ್ಟಿ ಮುಖ ಸಿಂಡರಿಸಿದರು. "ಅಧಿಕಾರಿಗಳ ಮುಂದೆ ಮರ್ಯಾದೆ ಹೋಗುತ್ತಲ್ರೀ! ಬೇರೆ ಯಾರ ಕೈಲಾದ್ರೂ ಓದಿಸಿ." ಮೇಡಂ ಆಗಲ್ಲ ಅಂದರು. ಮುಖ್ಯೋಪಾಧ್ಯಾಯರು ಹಾಳೆಯನ್ನೇ ಕಿತ್ತರು. ಇಡೀ ಗೋಡೆ ಸ್ತಬ್ಧವಾಯಿತು.

"ಮೇಷ್ಟ್ರೇ, ಇದನ್ನ ಬಿಟ್ಟು ಮಿಕ್ಕಿದ್ದು ಜೋಡ್ಸಿ," ಎಂದು ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು.

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ತುಟಿ ಕಚ್ಚಿಕೊಂಡಿದ್ದಳು.

"ಅವಳ ದನಿ ಇಲ್ಲ ಅಂದ್ರೆ ಯಾರದ್ದೂ ಬೇಡ," ಅಂದರು ಮೇಡಂ. "ಬೇಕಾದ್ರೆ ನನ್ನ ಇವತ್ತೇ ಮನೆಗೆ ಕಳ್ಸಿ."

ಮಿಕ್ಕ ಹಾಳೆ ಜೋಡಿಸುವುದು ನನಗೆ ಐದು ನಿಮಿಷದ ಕೆಲಸ. ಕೈಯಲ್ಲಿದ್ದ ಇಕ್ಕಳವನ್ನು ಜೇಬಿಗೆ ಸೇರಿಸಿ, "ನಂಗೆ ಬರಲ್ಲ ಸರ್," ಅಂದೆ. ಹಸೀ ಸುಳ್ಳು. ಹೇಳಿದ ಮೇಲೆ ಎಷ್ಟು ಹಾಯೆನಿಸಿತು ಅಂತೀರಿ!

ಹೊರಗೆ ಅಧಿಕಾರಿಗಳ ಕಾರು ಬಂದು ನಿಂತಿತು. ಮುಖ್ಯೋಪಾಧ್ಯಾಯರು ಹಲ್ಲು ಕಡಿಯುತ್ತಾ, "ಏನಾದ್ರೂ ಮಾಡ್ಕೊಳ್ಳಿ," ಎಂದು ಹಾಳೆಯನ್ನು ಮೇಡಂ ಕೈಗೆ ತುರುಕಿದರು. ಮೇಡಂ ಅದನ್ನು ಮೊದಲಿದ್ದಲ್ಲೇ ಅಂಟಿಸಿದರು.

ಅಧಿಕಾರಿ ಮೊದಲು ಬೆರಳಿಟ್ಟಿದ್ದೇ ಅದರ ಮೇಲೆ. "ನ... ನ... ನಮ್ಮ ಮನೆಗೆ ಒಂ... ಒಂದೇ..." ಅವರು ಹುಬ್ಬು ಗಂಟಿಕ್ಕಿದರು.

"ರೆಕಾರ್ಡಿಂಗ್ ಕೆಟ್ಟಿದೆ ಸರ್," ಮುಖ್ಯೋಪಾಧ್ಯಾಯರು ಅಡ್ಡ ಬಂದರು. "ಮುಂದಿನದು ನೋಡೋಣ, ಬನ್ನಿ."

ಮಕ್ಕಳನ್ನು ತಳ್ಳಿಕೊಂಡು ಹುಡುಗಿ ಮುಂದೆ ಬಂದಳು. ಎರಡು ವರ್ಷದಲ್ಲಿ ನನ್ನ ತರಗತಿಯಲ್ಲಿ ಹಾಜರಿಗೂ ಬಾಯಿ ತೆರೆಯದೆ ಬರೀ ಕೈ ಎತ್ತಿದವಳು.

"ಕೆ... ಕೆಟ್ಟಿಲ್ಲ ಸರ್. ಅದು ನಾ... ನಾನು. ಪೂ... ಪೂರ್ತಿ ಕೇಳಿ."