ತಳಕಿನ ಬಸ್ಸು ನೋಡಿ ಕಾಲೆತ್ತಿದ್ದು

ನನ್ನ ಮದುವೆಯಾಗಿ ಮೊದಲ ದೀಪಾವಳಿ. ಹನ್ನೆರಡು ವರ್ಷದ ಹಿಂದಿನ ಮಾತು. ತವರು ತಳಕು, ಕೊಟ್ಟಿದ್ದು ದೇವಸಮುದ್ರಕ್ಕೆ. ನಮ್ಮ ಯಜಮಾನರದು ಒಂದು ಹಳೇ ಲಾರಿ. "ಚಳ್ಳಕೆರೆಗೆ ಶೇಂಗಾ ಹಾಕಿ, ವಾಪಸ್ ಬರ್ತಾ ತಳಕಿನಾಗೆ ಹಬ್ಬ ಮಾಡ್ಕೊಂಡ್ ಬರಾಣ" ಅಂದರು. ಮೊಳಕಾಲ್ಮೂರು ಸೀರೆ ಉಟ್ಟು ಲಾರಿ ಹತ್ತಿ ತವರಿಗೆ ಹೊರಟ ಹೊಸ ಸೊಸೆ ನಾನೊಬ್ಬಳೇ ಇರಬೇಕು.

ದಾರಿಯಲ್ಲೇ ಬ್ರೇಕ್ ಮೆತ್ತಗಾಗಿತ್ತು. ಶೇಂಗಾ ಇಳಿಸಿ ಖಾದರ್ ಚಾಚಾ ಅವರ ಶೆಡ್ಡಿಗೆ ಹೋದೆವು. ಯಜಮಾನರು ಲಾರಿ ಕೊಂಡ ದಿನದಿಂದ ರಿಪೇರಿಗೆ ಅವರೇ. ಚಾಚಾ ಚಕ್ರಗಳ ಒಳಗಿನ ಸವೆದ ರಬ್ಬರ್ ಬದಲಿಸಿದರು. ಇನ್ನು ಬ್ರೇಕಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಬೇಕು. ಒಬ್ಬರು ಮೇಲೆ ಕೂತು ಬ್ರೇಕ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ಹಬ್ಬ ಅಂತ ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಯಜಮಾನರು ಇನ್ನೊಂದು ಡಬ್ಬಿ ಬ್ರೇಕ್ ಆಯಿಲ್ ತರಲು ಹೋಗಿದ್ದರು.

"ಬೇಟಿ, ನೀನೇ ತುಳೀತೀಯಾ? ನಾನು ಬಿಡು ಅನ್ನೋ ತನಕ ಕಾಲು ಎತ್ಬಾರ್ದು, ಎತ್ತಿದ್ರೆ ಗಾಳಿ ವಾಪಸ್ ಒಳಗೆ ಹೋಗ್ತೈತೆ. ಕೆಳಗೆ ಮಲಗಿದೋನಿಗೆ ಮೇಲಿಂದು ಕಾಣಲ್ಲ, ನೀನು ಹೇಳಿದ್ದೇ ನಂಬ್ತೀನಿ" ಅಂದರು ಚಾಚಾ.

ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಚಾಚಾ ಕೆಳಗಿಂದ ಕೂಗಿದ ಹಾಗೆ ತುಳಿದೆ: ಹೊಡಿ, ಹೊಡಿ, ಹಿಡಿ, ಬಿಡು. ಮೂರು ಚಕ್ರ ಮುಗಿಯುವಷ್ಟರಲ್ಲಿ ನನಗೆ ಜಂಬ ಬಂದಿತ್ತು. ಕೊನೆಯ ಚಕ್ರಕ್ಕೆ ತುಳಿದು ಹಿಡಿದಿದ್ದಾಗ ರಸ್ತೆಯಲ್ಲಿ ತಳಕಿನ ಬಸ್ಸು ಹೋಯಿತು. ನಮ್ಮೂರವರು ಯಾರಾದರೂ ಇದ್ದಾರಾ ಅಂತ ಬಗ್ಗಿ ನೋಡಿದೆ. ಕಾಲು ಎದ್ದೇಬಿಟ್ಟಿತು. ತಕ್ಷಣ ಮತ್ತೆ ತುಳಿದೆ.

"ಗಟ್ಟಿ ಐತಾ ಬೇಟಿ?"

"ಐತೆ ಚಾಚಾ" ಅಂದೆ.

ಯಾಕೆ ಹಾಗಂದೆನೋ. ನಾಚಿಕೆ, ಅಷ್ಟೇ. ಚಾಚಾ ನನ್ನನ್ನು ಇಳಿಸಿದರು. ಬ್ರೇಕ್ ಕೆಲಸ ಮಾಡಿದ ಗಾಡಿಯನ್ನು ಮೊದಲು ತಾವೊಬ್ಬರೇ ಓಡಿಸಿ ನೋಡುವುದು ಅವರ ಪದ್ಧತಿ. ಬೇರೆ ಯಾರನ್ನೂ ಹತ್ತಿಸುತ್ತಿರಲಿಲ್ಲ. ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದು ಹತ್ತಿ ಕೂತರು. ಎದುರಿಗೆ ಹಬ್ಬದ ಜನ ತುಂಬಿದ ರಸ್ತೆ. ನಾನು ಓಡಿ ಹೋದೆ. ಬಾಗಿಲು ಹಿಡಿದುಕೊಂಡು, "ತಡೀರಿ ಚಾಚಾ, ನಾನು ನಡುವೆ ಕಾಲು ಎತ್ಬಿಟ್ಟೆ" ಅಂದೆ. ಅಳು ಬಂದುಬಿಟ್ಟಿತು.

ಅವರು ಪೆಡಲ್ ತುಳಿದರು. ಕೆಸರಿಗೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಅಷ್ಟರಲ್ಲಿ ಯಜಮಾನರು ಬಂದರು. ಆಗೆಲ್ಲ ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ಏನ್ ಚಾಚಾ, ಮುಗೀತಾ?"

ಚಾಚಾ ಒಮ್ಮೆ ನನ್ನ ಮುಖ ನೋಡಿದರು. "ಇಲ್ಲಪ್ಪಾ. ನಿಪ್ಪಲ್ ನಾನೇ ಲೇಟಾಗಿ ಟೈಟ್ ಮಾಡ್ದೆ, ಗಾಳಿ ಒಳಗೆ ಹೋಗೈತೆ. ಇನ್ನೊಂದ್ ಸಲ ತೆಗೀಬೇಕು."

"ನಿಮಗೂ ವಯಸ್ಸಾಯ್ತು ಬಿಡ್ರಿ" ಅಂತ ಯಜಮಾನರು ನಕ್ಕರು. "ಈ ಸಲ ನಾನು ತುಳೀತೀನಿ."

"ಬೇಡಪ್ಪಾ. ನಮ್ ಬೇಟಿ ಚೆನ್ನಾಗಿ ತುಳೀತಾಳೆ. ಹತ್ತಮ್ಮಾ."

ಈ ಸಲ ನಾನು ಅತ್ತಿತ್ತ ನೋಡಲಿಲ್ಲ. ಪೆಡಲ್ ಕಲ್ಲಿನಷ್ಟು ಗಟ್ಟಿಯಾಯಿತು. ಸಂಜೆಯೊಳಗೆ ಅವ್ವನ ಮನೆ ಸೇರಿದೆವು.

ಆಮೇಲೆ ಯಜಮಾನರಿಗೆ ಅದೊಂದು ತಮಾಷೆಯ ಕಥೆಯಾಯಿತು. ಡ್ರೈವರ್‌ಗಳ ಮುಂದೆಲ್ಲ, ಚಾಚಾ ಅವರ ಎದುರಿಗೂ ಹೇಳಿ ನಗುತ್ತಿದ್ದರು. ಚಾಚಾ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಹೋದ ವರ್ಷ ಚಾಚಾ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಯಜಮಾನರು, "ಎಂಥಾ ಮೇಸ್ತ್ರಿ. ಅಷ್ಟು ವರ್ಷದಾಗೆ ಒಂದೇ ಒಂದ್ ಸಲ ತಪ್ಪಿದ್ದು" ಅಂದರು.

ಅವರು ಆ ಒಂದು ಸಲವೂ ತಪ್ಪಿರಲಿಲ್ಲ. ನಾನು ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ಯಜಮಾನರೇ ಮೊದಲು ಓದುವುದು.