ಜಗಳದಮ್ಮನ ಫೋನು

ಎರಡನೇ ಮಹಡಿಯ ಆಕೆಗೆ ಇಡೀ ಕಟ್ಟಡ ಇಟ್ಟ ಹೆಸರು ಜಗಳದಮ್ಮ. ತೊಟ್ಟಿಕ್ಕುವ ನಲ್ಲಿಯ ಜೊತೆಗೂ ಜಗಳ, ಮೊಳಕೆ ಬಂದ ಆಲೂಗಡ್ಡೆಯ ಜೊತೆಗೂ ಜಗಳ. ಲಿಫ್ಟು ತಡವಾದರೆ ಅದರ ಬಾಗಿಲಿಗೂ ಬೈಗುಳ ತಪ್ಪಿದ್ದಲ್ಲ. ಸೋಂಕಿನ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೂತು, ಮೆಟ್ಟಿಲ ಮೇಲಿನ ರಂಪ ನಿಂತಾಗ ಜನ ಉಸ್ಸೆಂದರು. ಆದರೆ ಆಕೆ ಬಿಟ್ಟಾಳೆಯೇ? ಬೆಳಗಾದರೆ ಫೋನು ಹಿಡಿದು, ಒಂಟಿಯಾಗಿರುವ ವಯಸ್ಸಾದವರನ್ನೇ ಹುಡುಕಿ ಹುಡುಕಿ ಕೆಣಕುವಳು. ಮೇಲ್ಮನೆಯ ಟೀಚರಮ್ಮನಿಗೆ ಕುರ್ಚಿ ಎಳೆದ ಸದ್ದಿನ ನೆಪ, ಕೆಳಮನೆಯ ಡ್ರೈವರ್ ತಾತನಿಗೆ ರೇಡಿಯೋ ನೆಪ. "ಊರಿಗೆಲ್ಲಾ ಕೇಳಿಸೋ ಹಾಗೆ ಹಾಕ್ತೀರಲ್ಲ, ನಿಮಗೇನು ಕಿವಿ ಕೇಳ್ಸಲ್ವಾ?" ಎಂದರೆ ಸಾಕು, ತಾತ ಕಾದ ಎಣ್ಣೆಯಲ್ಲಿ ಬಿದ್ದ ಸಾಸಿವೆಯಂತೆ ಸಿಡಿಯುವರು. "ಅಮ್ಮಾ, ಪಾಪ, ಚೆನ್ನಾಗಿದೀರಾ ಅಂತ ಕೇಳೋದು ಬಿಟ್ಟು ಇದೇನಿದು?" ಎಂದು ಮಗಳು ರೇಗಿದರೆ, "ಹಾಗೆ ಕೇಳಿದ್ರೆ ಸಾಯ್ತಾ ಇದ್ರೂ ಚೆನ್ನಾಗಿದೀನಿ ಅಂತಾರೆ ಕಣೇ. ಬೈಯೋಕೆ ಬಿಟ್ಟು ನೋಡು, ಉಸಿರು ಎಷ್ಟು ಗಟ್ಟಿ ಇದೆ ಅಂತ ಗೊತ್ತಾಗತ್ತೆ" ಎನ್ನುವಳು. ಒಂದು ಬೆಳಿಗ್ಗೆ ತಾತ, "ಆಯ್ತಮ್ಮ... ನೀನು ಹೇಳಿದ್ದೇ... ಸರಿ" ಎಂದುಬಿಟ್ಟರು. ಅವರ ಮೇಲೆ ಮೊದಲ ಸಲ ಗೆದ್ದ ಜಗಳದಮ್ಮ ಮರುಗಳಿಗೆಯೇ ಆಂಬುಲೆನ್ಸಿಗೆ ಫೋನು ಮಾಡಿದಳು. ಗುಣವಾಗಿ ಆಸ್ಪತ್ರೆಯಿಂದ ಮರಳಿದ ದಿನ ತಾತನೇ ಫೋನು ಮಾಡಿದರು. "ನನ್ನ ಕೇಳದೆ ಆಂಬುಲೆನ್ಸ್ ಕರೆಸೋಕೆ ನೀನ್ಯಾರಮ್ಮ? ಬೀದಿಯವರೆಲ್ಲಾ ಕಿಟಕೀಲಿ ನಿಂತು ನೋಡಿದ್ರು!" ಎಂದು ಶುರುಮಾಡಿ ಒಂದೇ ಸಮನೆ ಬೈಯತೊಡಗಿದರು. ಜಗಳದಮ್ಮ, ನಡುವೆ ಎಲ್ಲಾದರೂ ಉಸಿರಿಗಾಗಿ ನಿಂತಾರೇನೋ ಎಂದು ಕಿವಿಗೊಟ್ಟು ಕೇಳುತ್ತಲೇ ಇದ್ದಳು. ತಾತ ನಿಲ್ಲಲಿಲ್ಲ.